‘ಬಾವಿಲಿ ಈಜು ಕಲ್ತೋನು ನಾನು’ ಅನ್ನೋ ಧೈರ್ಯ ಸ್ಕಾಟ್ಲೆಂಡ್ ಸಮುದ್ರದಲ್ಲಿ ಎಷ್ಟು ಹೊತ್ತು ಇರುತ್ತೆ?

ಪ್ರಶ್ನೆ: ನಮಸ್ಕಾರ ಸರ್. ನಾವು ತಿಪಟೂರು ಕಡೆಯವರು, ಹನ್ನೊಂದು ವರ್ಷದಿಂದ ಲೀಡ್ಸ್ ಹತ್ರ ಇದೀವಿ. ನಮ್ಮ ಯಜಮಾನ್ರು, 15 ವರ್ಷದ ಮಗ ಇಬ್ರೂ ಎರಡು ವರ್ಷದಿಂದ ಇಲ್ಲಿ ಒಂದು ಕೆರೆಲಿ ಹಾಯಿದೋಣಿ ಕಲೀತಿದಾರೆ. ಈಗ ಕ್ಲಬ್‌ನೋರು ಜುಲೈನಲ್ಲಿ ಸ್ಕಾಟ್ಲೆಂಡ್ ಪಶ್ಚಿಮ ಕರಾವಳಿಗೆ ಹೊರಟಿದಾರೆ, 11 ಜನ, 5 ವೇಫೇರರ್ ಡಿಂಗಿ ಅಂದ್ರೆ ಸಣ್ಣ ತೆರೆದ ಹಾಯಿದೋಣಿ, ಅರಿಸೇಗ್ ಅನ್ನೋ ಊರಿಂದ ಹೊರಟು ಲಾಖ್ ಮಾಯ್ಡಾರ್ಟ್ ಅನ್ನೋ ಕಡೆ ತನಕ ಹೋಗಿ ಬರೋದು, 6 ದಿನ, ರಾತ್ರಿ ಎಲ್ಲಿ ಮರಳು ಸಿಗುತ್ತೋ ಅಲ್ಲಿ ಟೆಂಟ್. ಹಿಂದೆ ಮುಂದೆ ಕಾಯೋಕೆ ಮೋಟರ್ ಬೋಟ್ ಇರಲ್ವಂತೆ. ನನ್ನೂ ಬಾ ಅಂತಿದಾರೆ, ನನಗೆ ಈಜು ಬರಲ್ಲ. ಯಜಮಾನ್ರು ಕೇಳಿದ್ರೆ "ನಾನು ಬಾವಿಲಿ ಈಜು ಕಲ್ತೋನು, ಲೈಫ್ ಜಾಕೆಟ್ ಬೇರೆ ಇರುತ್ತೆ, ಸುಮ್ನೆ ಹೆದರ್ಬೇಡ" ಅಂತಾರೆ. ಮಗ ಆ ಕಡೆ ಸಮುದ್ರದಲ್ಲಿ ದೊಡ್ಡ ಸುಳಿ ಇರೋ ವಿಡಿಯೋ ತೋರಿಸಿದ, ಅವತ್ತಿಂದ ನನಗೆ ನಿದ್ದೆ ಇಲ್ಲ. ಊರಲ್ಲಿ ನಮ್ಮತ್ತೆ ಮಗುವಿನ ಜಾತಕದಲ್ಲಿ ಜಲಗಂಡ ಇದೆ ಕಳಿಸಲೇಬೇಡಿ ಅಂತ ಅಳ್ತಾರೆ. ಡಿಂಗಿ ಮಗುಚಿದ್ರೆ ಏನಾಗುತ್ತೆ? ಅಷ್ಟು ದೂರದಲ್ಲಿ ಯಾರು ಬರ್ತಾರೆ? ಹಾಗೆ ಕಂಡಲ್ಲಿ ಟೆಂಟ್ ಹಾಕಿದ್ರೆ ಪೊಲೀಸ್ ಕೇಸ್ ಆಗಲ್ವಾ? ನಾನು ಬೇಡ ಅನ್ಲಾ, ಹ್ಞೂಂ ಅನ್ಲಾ, ದಯವಿಟ್ಟು ನೇರವಾಗಿ ಹೇಳಿ.

ಉತ್ತರ: ನೇರವಾಗೇ ಹೇಳ್ತೀನಿ ಮೇಡಂ. ನಾನು ಅಂಕೋಲಾ ಕಡೆಯವನು, ದೋಣಿ ನೋಡ್ಕೊಂಡೇ ಬೆಳೆದೋನು, ಈಗ ಹತ್ತೊಂಬತ್ತು ವರ್ಷದಿಂದ ಇದೇ ಕರಾವಳಿಲಿ ಡಿಂಗಿ ಕಲಿಸೋದು, ಗುಂಪು ಕರ್ಕೊಂಡು ಹೋಗೋದು ಮಾಡ್ತಿದೀನಿ. ನಿಮ್ಮ ಹಾಗೆ ಬರೆದೋರು ತುಂಬ ಜನ, ಆದ್ರೆ "ಕಾಯೋಕೆ ಮೋಟರ್ ಬೋಟ್ ಇರಲ್ವಂತೆ" ಅನ್ನೋದನ್ನ ಗಮನಿಸಿ ಬರೆದೋರು ಕಮ್ಮಿ. ನಿಮ್ಮ ಭಯ ಸುಳ್ಳಲ್ಲ. ಅದು ನಿಂತಿರೋ ಜಾಗ ಮಾತ್ರ ಸ್ವಲ್ಪ ತಪ್ಪು. ನೀವು ಮಗುಚೋದಕ್ಕೆ, ಸುಳಿಗೆ, ಈಜಿಗೆ ಹೆದರ್ತಿದೀರ, ನಾನು ಇಷ್ಟು ವರ್ಷದಲ್ಲಿ ಹೆದರೋಕೆ ಕಲ್ತಿರೋದು ಎರಡಕ್ಕೇ, ಒಂದು ನೀರಿನ ಚಳಿ, ಇನ್ನೊಂದು ‘ಭಾನುವಾರದೊಳಗೆ ವಾಪಸ್ ಹೋಗ್ಲೇಬೇಕು’ ಅನ್ನೋ ಮಾತು.

ಮೊದಲು ಬಾವಿ ವಿಷಯ. ನಿಮ್ಮ ಯಜಮಾನ್ರಿಗೆ ಈಜು ಚೆನ್ನಾಗೇ ಬರಬಹುದು, ನಾನು ಅದನ್ನ ಕಮ್ಮಿ ಮಾಡಿ ಮಾತಾಡ್ತಿಲ್ಲ, ಸೊಂಟಕ್ಕೆ ಬೆಂಡು ಕಟ್ಕೊಂಡು ಮೆಟ್ಟಿಲಿಂದ ಧುಮುಕಿ ಕಲ್ತೋರಿಗೆ ನೀರಿನ ಭಯ ಇರಲ್ಲ, ಅದು ದೊಡ್ಡ ಆಸ್ತಿ. ಆದ್ರೆ ನಮ್ಮ ಕಡೆ ಬಾವಿ ನೀರು ಎಷ್ಟೇ ತಣ್ಣಗಿದೆ ಅಂದ್ರೂ 24-25 ಡಿಗ್ರಿ ಇರುತ್ತೆ. ಅರಿಸೇಗ್ ಸಮುದ್ರ ಜುಲೈ ತಿಂಗಳಲ್ಲಿ, ಅಂದ್ರೆ ಅವರ ಒಳ್ಳೇ ಬೇಸಿಗೇಲಿ, 12-13 ಡಿಗ್ರಿ ಆಸುಪಾಸು. ನೀರು 15 ಡಿಗ್ರಿಗಿಂತ ಕೆಳಗಿದ್ದಾಗ ಅದರೊಳಗೆ ದಿಢೀರಂತ ಬಿದ್ರೆ ನಮ್ಮ ಮೈ ನಮ್ಮ ಮಾತು ಕೇಳಲ್ಲ. ಬಿದ್ದ ತಕ್ಷಣ ಬಾಯಿ ತೆರೆದು ಜೋರಾಗಿ ಉಸಿರು ಎಳ್ಕೊಳ್ತೀವಿ, ಬೇಕು ಅಂತ ಅಲ್ಲ, ಚರ್ಮಕ್ಕೆ ಚಳಿ ಬಡಿದಾಗ ತಾನಾಗೇ ಆಗೋದು ಅದು, ಆ ಹೊತ್ತಲ್ಲಿ ಮುಖ ನೀರೊಳಗಿದ್ರೆ ನೀರೇ ಒಳಗೆ ಹೋಗುತ್ತೆ. ಆಮೇಲೆ ಒಂದೆರಡು ನಿಮಿಷ ಏದುಸಿರು, ಎದೆ ಡವಡವ, ರಕ್ತದೊತ್ತಡ ಏರುತ್ತೆ. ಒಳ್ಳೇ ಈಜುಗಾರರು ದಡದಿಂದ ನಾಲ್ಕು ಮಾರು ದೂರದಲ್ಲಿ ಹೋಗಿಬಿಡೋದು ಹೀಗೇ, ಈಜು ಮರೆತು ಅಲ್ಲ, ಉಸಿರು ತಪ್ಪಿ.

ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಪ್ರೊಫೆಸರ್ ಗಾರ್ಡನ್ ಗೀಸ್‌ಬ್ರೆಕ್ಟ್ ಅಂತ, ತಣ್ಣೀರಿನ ಬಗ್ಗೆ ತಾವೇ ನೀರಿಗಿಳಿದು ಅಧ್ಯಯನ ಮಾಡಿದೋರು, ಅವರು ಇದನ್ನ 1-10-1 ಅಂತ ಹೇಳ್ಕೊಡ್ತಾರೆ. ಉಸಿರು ಹತೋಟಿಗೆ ತಗೊಳ್ಳೋಕೆ 1 ನಿಮಿಷ, ಕೈಕಾಲು ಕೆಲಸಕ್ಕೆ ಬರೋದು ಸುಮಾರು 10 ನಿಮಿಷ, ಚಳಿಯಿಂದ ಪ್ರಜ್ಞೆ ತಪ್ಪೋಕೆ ಸುಮಾರು 1 ಗಂಟೆ. ಅವರು ಹೇಳೋದು ಇನ್ನೂ ಕೊರೆಯೋ, ಹೆಚ್ಚುಕಮ್ಮಿ ಮಂಜುಗಡ್ಡೆ ನೀರಿನ ಲೆಕ್ಕ, ಅರಿಸೇಗ್ ನೀರಲ್ಲಿ ಸ್ವಲ್ಪ ಜಾಸ್ತಿ ಹೊತ್ತು ಸಿಗುತ್ತೆ, ಆದ್ರೆ ಕ್ರಮ ಅದೇ. ಜನ ಎಲ್ಲಾ ಆ ಕೊನೇ 1 ಗಂಟೆಗೆ ಹೆದರ್ತಾರೆ, ಹೆದರಬೇಕಾಗಿರೋದು ಮೊದಲ ನಿಮಿಷಕ್ಕೆ, ಆಮೇಲೆ ಬೆರಳು ಸೆಟೆದು ಹಗ್ಗದ ಗಂಟು ಬಿಚ್ಚೋಕೆ ಆಗದೇ ಇರೋ ಹೊತ್ತಿಗೆ. ನಮ್ಮಲ್ಲಿ ನೀರಿಗಿಳಿದ ಮೇಲೆ ಚಳಿಯೇನು ಮಳೆಯೇನು ಅಂತೀವಲ್ಲ, ಆ ಮಾತು ಹುಟ್ಟಿದ್ದು ನಮ್ಮ ಬೆಚ್ಚಗಿನ ನೀರಿನ ದಡದಲ್ಲಿ. ಇಲ್ಲಿ ನೀರಿಗಿಳಿದ ಮೇಲೆ ಚಳಿ ಒಂದೇ ಲೆಕ್ಕಕ್ಕೆ ಬರೋದು.

ಹಾಗಾಗಿ ನಿಮ್ಮೋರಿಗೆ ಮೊದಲು ಕೇಳಬೇಕಾದ ಪ್ರಶ್ನೆ "ಏನು ಹಾಕ್ಕೊಂಡು ಹೋಗ್ತೀರಿ". ಜೀನ್ಸ್, ಹೂಡಿ, ಮೇಲೊಂದು ರೈನ್‌ಕೋಟ್ ಅಂದ್ರೆ ಬೇಡವೇ ಬೇಡ. ಕತ್ತು, ಮಣಿಕಟ್ಟಿಗೆ ಬಿಗಿ ರಬ್ಬರ್ ಇರೋ, ನೀರು ಒಳಗೆ ಬಿಡದ ಡ್ರೈಸೂಟ್, ಅದರೊಳಗೆ ಉಣ್ಣೆ ಬಟ್ಟೆ, ಇದು ಸರಿಯಾದ್ದು. ದುಬಾರಿ, ನಿಜ, ಆದ್ರೆ ಬಾಡಿಗೆಗೂ ಸಿಗುತ್ತೆ, ಸೆಕೆಂಡ್ ಹ್ಯಾಂಡೂ ಸಿಗುತ್ತೆ, ಕತ್ತಿನ ರಬ್ಬರ್ ಹರಿದಿಲ್ಲ ಅಂತ ನೋಡ್ಕೊಂಡು ತಗೊಳ್ಳಿ. ಒಳ್ಳೇ ದಪ್ಪ ವೆಟ್‌ಸೂಟ್ ಆದ್ರೂ ನಡೆಯುತ್ತೆ, ಕಷ್ಟ ಏನಂದ್ರೆ ಅದು ಒದ್ದೆ ಆದ ಮೇಲೆ ಗಾಳಿಗೆ ಕೂತಾಗ ಚಳಿ ಜಾಸ್ತಿ, ಬೆಳಿಗ್ಗೆ ಎದ್ದು ಅದೇ ಒದ್ದೆ ಬಟ್ಟೆಗೆ ಮತ್ತೆ ಕಾಲು ತೂರಿಸಬೇಕು, ಮೂರನೇ ದಿನಕ್ಕೆ ಮಕ್ಕಳು ಬೇಸತ್ತು ಹಾಕ್ಕೊಳ್ಳೋದನ್ನೇ ಬಿಟ್ಬಿಡ್ತಾರೆ, ಕಣ್ಣಾರೆ ನೋಡಿದೀನಿ.

ಇನ್ನು ಮಗುಚೋದು. ಡಿಂಗಿ ಅಂದ್ರೆ ಮಗುಚೋ ದೋಣಿನೇ, ಮಗುಚೋದು ಅಪಘಾತ ಅಲ್ಲ, ಸೈಕಲ್ ಕಲಿಯೋವಾಗ ಬೀಳೋ ಹಾಗೆ ಅದು. ವೇಫೇರರ್ ಅನ್ನೋದು ಇಯಾನ್ ಪ್ರಾಕ್ಟರ್ ಅನ್ನೋರು 1957ರಲ್ಲಿ ವಿನ್ಯಾಸ ಮಾಡಿದ ದೋಣಿ, ಸುಮಾರು 16 ಅಡಿ ಉದ್ದ, ಮುಂದೆ ಹಿಂದೆ ಗಾಳಿ ತುಂಬಿದ ಪೆಟ್ಟಿಗೆ ಇರುತ್ತೆ, ಮಗುಚಿದ್ರೂ ಮುಳುಗಲ್ಲ. ಫ್ರಾಂಕ್ ಡೈ ಅನ್ನೋ ಇಂಗ್ಲೆಂಡಿನೋರು 1963ರಲ್ಲಿ ಇಂಥದ್ದೇ ತೆರೆದ ದೋಣಿಲಿ ಒಬ್ಬ ಜೊತೆಗಾರನ ಜೊತೆ ಐಸ್‌ಲ್ಯಾಂಡಿಗೂ, ಮರುವರ್ಷ ನಾರ್ವೆಗೂ ಹೋಗಿದ್ರು. ಇದನ್ನ ನಿಮ್ಮೋರು ಹೋಗಬಹುದು ಅನ್ನೋಕೆ ಹೇಳ್ತಿಲ್ಲ, ದೋಣಿ ಬಗ್ಗೆ ಅನುಮಾನ ಬೇಡ ಅನ್ನೋಕೆ ಹೇಳ್ತಿದೀನಿ. ಮಗುಚಿದ ದೋಣಿನ ಎತ್ತೋದು ಅವರು ಕೆರೇಲಿ ಹತ್ತಾರು ಸಲ ಮಾಡಿರ್ತಾರೆ, ಒಬ್ರು ಸೆಂಟರ್‌ಬೋರ್ಡ್, ಅಂದ್ರೆ ದೋಣಿ ತಳದಿಂದ ನೀರಿಗೆ ಇಳಿಬಿಡೋ ಹಲಗೆ, ಅದರ ಮೇಲೆ ಹತ್ತಿ ಹಗ್ಗ ಹಿಡ್ಕೊಂಡು ಹಿಂದಕ್ಕೆ ವಾಲೋದು, ಇನ್ನೊಬ್ರು ಒಳಗಡೆ ಇರೋದು, ದೋಣಿ ಏಳ್ತಾ ಏಳ್ತಾ ಅವರನ್ನ ಒಳಕ್ಕೆ ಬಾಚ್ಕೊಳ್ಳುತ್ತೆ. ಹಾಯಿ ತಲೆ ಮೇಲೆ ಬಿದ್ರೆ ಕೈಯಿಂದ ಮೇಲಕ್ಕೆ ತಳ್ಳಿ ಗಾಳಿಗೆ ಜಾಗ ಮಾಡ್ಕೊಂಡು ಹೊಲಿಗೆ ಗೆರೆ ಹಿಡಿದು ಅಂಚಿಗೆ ಬರೋದು. ಇವೆಲ್ಲ ಕಲಿಯೋವಂಥದ್ದು.

ಆದ್ರೆ ಕೆರೇಲಿ ಅವರು ಎತ್ತಿರೋದು ಖಾಲಿ ದೋಣಿ. ಇಲ್ಲಿ ಟೆಂಟು, ಸ್ಲೀಪಿಂಗ್ ಬ್ಯಾಗು, ಆರು ದಿನದ ಊಟ, ನೀರಿನ ಕ್ಯಾನು ಎಲ್ಲಾ ಸೇರಿ ಸಾಮಾನೇ ಎಂಬತ್ತು ನೂರು ಕೇಜಿ. ಕಟ್ಟದೇ ಇಟ್ಟಿದ್ರೆ ಎಲ್ಲಾ ತೇಲಿ ಹೋಗುತ್ತೆ, ಜನ ಅದನ್ನ ಹಿಡಿಯೋಕೆ ಹೋಗಿ ದೋಣಿ ಬಿಡ್ತಾರೆ, ಅದೇ ಮಾಡಬಾರದ ತಪ್ಪು, ದೋಣಿ ಕೈ ಬಿಡಬಾರದು, ಮನೆ ಮಠ ಹೋಗ್ಲಿ ದೋಣಿ ಬಿಡಬಾರದು. ತಪ್ಪಾಗಿ ಕಟ್ಟಿದ್ರೆ ಎದ್ದ ಮೇಲೆ ಒಳಗಿನ ನೀರು ಒಂದು ಕಡೆಗೆ ಉರುಳಿ ಮತ್ತೆ ಮಗುಚುತ್ತೆ. ಅದಕ್ಕೇ ಪ್ರವಾಸಕ್ಕೆ ಮುಂಚೆ ಅದೇ ಸಾಮಾನು ತುಂಬಿ, ಅದೇ ಇಬ್ರು, ಅದೇ ಬಟ್ಟೇಲಿ ಬೇಕಂತ ಮಗುಚಿ ಎತ್ತಿ ನೋಡಿದಾರಾ ಅಂತ ಕೇಳಿ. ಮಾಡಿಲ್ಲ ಅಂದ್ರೆ ಮಾಡಿಸಿ, ಒಂದು ಮಧ್ಯಾಹ್ನದ ಕೆಲಸ. ಹಾಯಿ ಕಟ್ಟೋ ಕಂಬದ ತುದಿಗೆ ಕಟ್ಟೋ ಗಾಳಿ ಚೀಲ ಇದ್ರೆ ದೋಣಿ ಪೂರ್ತಿ ತಲೆಕೆಳಗಾಗಲ್ಲ, ಅದೂ ಇದೆಯಾ ಕೇಳಿ.

ಲೈಫ್ ಜಾಕೆಟ್ ಅಂತ ನೀವು ಬರೆದಿದೀರಲ್ಲ, ಡಿಂಗೀಲಿ ಹೆಚ್ಚಾಗಿ ಹಾಕೋದು ಬಯೊಯನ್ಸಿ ಏಡ್ ಅಂತ, 50 ನ್ಯೂಟನ್‌ದು (ತೇಲಿಸೋ ಬಲದ ಅಳತೆ ಅದು), ಮೈಗೆ ಬಿಗಿಯಾಗಿ ಕೂತ್ಕೊಳ್ಳೋ ಫೋಮ್ ಜಾಕೆಟ್. ಅದು ತೇಲೋಕೆ ಸಹಾಯ ಮಾಡುತ್ತೆ, ಪ್ರಜ್ಞೆ ತಪ್ಪಿದೋರನ್ನ ಅಂಗಾತ ತಿರುಗಿಸಲ್ಲ. ಗಾಳಿ ತುಂಬಿಕೊಳ್ಳೋ 150 ನ್ಯೂಟನ್ ಲೈಫ್ ಜಾಕೆಟ್ ತಿರುಗಿಸುತ್ತೆ, ಹಾಗಿದ್ರೆ ಅದೇ ಒಳ್ಳೇದಲ್ವಾ ಅಂತೀರಿ, ಡಿಂಗೀಲಿ ಅದು ಬರೀ ಅಲೆ ಸಿಡಿದ್ರೂ ಉಬ್ಬಿಬಿಡಬಹುದು, ದೋಣಿ ಕೆಳಗೆ ಸಿಕ್ಕಿಹಾಕ್ಕೊಂಡಾಗ ಉಬ್ಬಿದ್ರೆ ಮೇಲಕ್ಕೆ ಒತ್ತಿ ಹೊರಗೆ ಬರೋಕೇ ಬಿಡಲ್ಲ, ಉಬ್ಬಿದ ಮೇಲೆ ದೋಣಿ ಹತ್ತೋದೂ ಕಷ್ಟ. ಅದಕ್ಕೇ ಫೋಮ್ ಜಾಕೆಟ್. ಆದ್ರೆ ಆ 50 ನ್ಯೂಟನ್ ಅನ್ನೋದು ಈಜು ಬರೋರಿಗೆ, ಸಹಾಯ ಹತ್ರ ಇರೋ ಕಡೆಗೆ ಅಂತ ಮಾಡಿರೋದು. ನಿಮಗೆ ಈಜು ಬರಲ್ಲ ಅಂದ್ರಿ, ಅದನ್ನ ನಾನು ಸುಲಭವಾಗಿ ದಾಟಿಸೋಕೆ ಆಗಲ್ಲ. ಇದರ ಬಗ್ಗೆ ಕೆಳಗೆ ಹೇಳ್ತೀನಿ.

ಸುಳಿ ವಿಡಿಯೋ. ನಿಮ್ಮ ಮಗ ತೋರಿಸಿದ್ದು ಕೊರಿವ್ರೆಕನ್ ಇರಬೇಕು, ಜ್ಯೂರಾ ಮತ್ತೆ ಸ್ಕಾರ್ಬಾ ಅನ್ನೋ ಎರಡು ದ್ವೀಪದ ನಡುವೆ ಇದೆ, ನಿಜವಾಗ್ಲೂ ಭಯಂಕರ ಜಾಗ. ಅದು ಅರಿಸೇಗ್‌ನಿಂದ 80 ಕಿಲೋಮೀಟರ್ ದಕ್ಷಿಣಕ್ಕೆ. ನಿಮ್ಮೋರು ಹೋಗೋ ದಾರೀಲಿ ಇಲ್ಲ, ಆ ದಾರೀಲಿ ನೀರಿನ ಸೆಳೆತವೂ ಈ ಕರಾವಳಿಯ ಲೆಕ್ಕದಲ್ಲಿ ಸೌಮ್ಯ. ಈ ಒಂದು ವಿಷಯಕ್ಕೆ ನೀವು ಇವತ್ತಿಂದ ನಿದ್ದೆ ಮಾಡಬಹುದು. ಆದ್ರೂ ಒಂದು ಕಥೆ ಹೇಳ್ತೀನಿ, ಲೇಖಕ ಜಾರ್ಜ್ ಆರ್ವೆಲ್ 1947ರಲ್ಲಿ ಜ್ಯೂರಾದಲ್ಲಿ ಇದ್ದಾಗ ಪುಟ್ಟ ಮಗನ್ನ, ಸಂಬಂಧಿಕರ ಮಕ್ಕಳನ್ನ ಕರ್ಕೊಂಡು ಸಣ್ಣ ಮೋಟರ್ ದೋಣಿಲಿ ಅದೇ ಸುಳಿ ಹತ್ರ ಸಿಕ್ಕಿ ಮುಳುಗೋದ್ರಲ್ಲಿದ್ರು, ಇಂಜಿನ್ನೇ ಕಿತ್ತು ಹೋಯ್ತು, ಒಂದು ಬಂಡೆ ಮೇಲೆ ಹತ್ತಿ ಕೂತಿದ್ರು, ಆಮೇಲೆ ಮೀನುಗಾರರು ಬಂದು ಕರ್ಕೊಂಡು ಹೋದ್ರು. ಕಾರಣ ಸುಳಿ ಅಲ್ಲ, ಉಬ್ಬರ ಇಳಿತದ ಟೇಬಲ್ ತಪ್ಪಾಗಿ ಓದಿದ್ದು.

ಹಾಗಾದ್ರೆ ಈ ದಾರೀಲಿ ಕಷ್ಟದ ಜಾಗ ಯಾವುದು? ಅರಿಸೇಗ್ ಊರಿನ ಮುಂದೆ ಲಾಖ್ ನನ್ ಕಾಲ್ ಅಂತ ನೆಲದೊಳಗೆ ನುಗ್ಗಿರೋ ಸಮುದ್ರದ ಚಾಚು (ಇಲ್ಲಿ ಲಾಖ್ ಅಂದ್ರೆ ಅದೇ), ಅದರ ಬಾಯಲ್ಲಿ ಕಲ್ಲು ಬಂಡೆಗಳ ಜಾಲ, ಸೀಲ್‌ಗಳು ಮಲಗಿರ್ತವೆ, ಬಿಳೀ ಮರಳು, ಆಚೆಗೆ ಎಗ್ ಮತ್ತೆ ರಮ್ ದ್ವೀಪ ನೀಲಿಯಾಗಿ ಕಾಣ್ತವೆ, ನಿಜಕ್ಕೂ ಕಣ್ಣು ತುಂಬೋ ಜಾಗ. ಆ ಬಂಡೆಗಳ ಒಳಗೆ ಇರೋತನಕ ಅಲೆ ಬರಲ್ಲ. ದಕ್ಷಿಣಕ್ಕೆ ಹೋಗ್ಬೇಕು ಅಂದ್ರೆ ರೂ ಅರಿಸೇಗ್ ಅನ್ನೋ, ಸಮುದ್ರಕ್ಕೆ ಚಾಚಿರೋ ನೆಲದ ಮೂಗು ಸುತ್ತಬೇಕು. ಅಲ್ಲಿ ಪಶ್ಚಿಮದ ಗಾಳಿ ನೇರವಾಗಿ ಬಡಿಯುತ್ತೆ, ಇಳಿಯೋಕೆ ಒಳ್ಳೇ ದಡ ಇಲ್ಲ, ಬರೀ ಕಲ್ಲು. ಅದು ದಾಟಿದ್ರೆ ಸೌಂಡ್ ಆಫ್ ಅರಿಸೇಗ್, ಮತ್ತೆ ಗ್ಲೆನ್ಯೂಗ್, ಸಮಲಮನ್ ಕಡೆ ಒಳ್ಳೇ ಆಶ್ರಯ, ಆಮೇಲೆ ಲಾಖ್ ಮಾಯ್ಡಾರ್ಟ್. ಅಂದ್ರೆ ಇಡೀ ಪ್ರವಾಸ ಆ ಒಂದು ಮೂಗಿನ ಮೇಲೆ ನಿಂತಿದೆ, ಹೋಗುವಾಗ ಒಂದ್ಸಲ, ಬರುವಾಗ ಒಂದ್ಸಲ. ಹೋಗುವಾಗಿನದು ನನಗೆ ಚಿಂತೆ ಇಲ್ಲ, ಹವಾಮಾನ ಸರಿ ಇಲ್ದಿದ್ರೆ ಯಾರೂ ಹೊರಡಲ್ಲ. ಬರುವಾಗಿನದು ಚಿಂತೆ. ಕಾರು ಅರಿಸೇಗ್‌ನಲ್ಲಿದೆ, ಸೋಮವಾರ ಆಫೀಸ್, ಮಕ್ಕಳು ಸುಸ್ತು, ಊಟ ಮುಗೀತಾ ಬಂದಿದೆ, ಗಾಳಿ ‘ಸ್ವಲ್ಪ’ ಜಾಸ್ತಿ.

ನಂದೇ ಒಂದು ತಪ್ಪು ಹೇಳ್ತೀನಿ. ಹಲವು ವರ್ಷದ ಹಿಂದೆ ಒಂದು ಗುಂಪು ಕರ್ಕೊಂಡು ಇದೇ ಕರಾವಳಿಲಿ ಐದನೇ ದಿನ, ಒಬ್ರಿಗೆ ಮರುದಿನ ಬೆಳಿಗ್ಗೆ ರೈಲು ಬುಕ್ ಆಗಿತ್ತು, ಮುನ್ಸೂಚನೆ ಫೋರ್ಸ್ 4, ಕೆಲವೊಮ್ಮೆ 5 ಅಂತ ಇತ್ತು (ಫೋರ್ಸ್ ಅಂದ್ರೆ ಗಾಳಿಯ ಬಲದ ಅಳತೆ). ಎಲ್ಲಾ ನನ್ನ ಮುಖ ನೋಡಿದ್ರು, ನಾನು ಹೊರಡೋಣ ಅಂದೆ. ಮೂಗಿನ ಹತ್ರ ಒಂದು ದೋಣಿ ಮಗುಚ್ತು. ಎತ್ತಿದ್ರು, ನೀರು ತುಂಬಿತ್ತು, ಮತ್ತೆ ಮಗುಚ್ತು. ಎರಡನೇ ಸಲಕ್ಕೆ ಆ ಮನುಷ್ಯನ ಕೈಗೆ ಹಗ್ಗ ಹಿಡಿಯೋಕೆ ಆಗ್ತಿಲ್ಲ, ಬೆರಳು ಮುಚ್ಚಿಕೊಳ್ತಾನೇ ಇಲ್ಲ. ಡ್ರೈಸೂಟ್ ಇತ್ತು, ಗ್ಲೌಸ್ ಇರ್ಲಿಲ್ಲ. ಪಕ್ಕದ ದೋಣಿಯವರು ಅವರನ್ನ ಎಳೆದು ಹಾಕ್ಕೊಂಡ್ರು, ಖಾಲಿ ದೋಣಿನ ನಾವು ಲಂಗರು ಹಾಕಿ ಬಿಟ್ಟು ಬಂದ್ವಿ. ಯಾರಿಗೂ ಏನೂ ಆಗ್ಲಿಲ್ಲ. ಆ ರೈಲು ಹೋದ್ರೆ ಇನ್ನೊಂದು ರೈಲು ಇತ್ತು. ಅವತ್ತಿಂದ ನಾನು ಪ್ರತಿ ಪ್ರವಾಸದಲ್ಲೂ ಎರಡು ದಿನ ಖಾಲಿ ಬಿಟ್ಟೇ ಲೆಕ್ಕ ಹಾಕೋದು, ಮತ್ತೆ ಬೆಳಿಗ್ಗೆ ಹೊರಡೋ ಮುಂಚೆ ಗುಂಪಿನಲ್ಲಿ ಎಲ್ಲರಿಗಿಂತ ಹೊಸಬರನ್ನ ಮೊದಲು ಕೇಳೋದು, ನಿಮಗೇನನ್ಸುತ್ತೆ ಅಂತ. ಅವರು ಬೇಡ ಅಂದ್ರೆ ಬೇಡ, ಚರ್ಚೆ ಇಲ್ಲ.

ನಮ್ಮೂರ ಕಡೆ ಇದನ್ನ ಯಾರಿಗೂ ಹೇಳ್ಕೊಡ್ಬೇಕಾಗಿಲ್ಲ. ಮಳೆಗಾಲದಲ್ಲಿ ದೋಣಿ ದಡಕ್ಕೆಳೆದು ತೆಂಗಿನ ಗರಿ ಮುಚ್ಚಿ ಬಲೆ ಹೆಣೀತಾ ಕೂರೋದು, ಈಗಂತೂ ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರ ತನಕ ಸರ್ಕಾರದ ನಿಷೇಧನೂ ಇದೆ, ನೂಲಹುಣ್ಣಿಮೆ ದಿನ ಸಮುದ್ರಕ್ಕೆ ತೆಂಗಿನಕಾಯಿ ಅರ್ಪಿಸಿ ಪೂಜೆ ಮಾಡಿ ಮತ್ತೆ ಶುರು. ಎರಡು ತಿಂಗಳು ಸಮುದ್ರಕ್ಕೆ ಹೋಗದೇ ಇದ್ದೋರನ್ನ ಯಾರೂ ಹೇಡಿ ಅನ್ನಲ್ಲ. ಒಂದು ವಾರದ ರಜೆ ಹಾಕಿ ಬಂದೋರಿಗೆ ಒಂದು ದಿನ ದಡದಲ್ಲಿ ಕೂರೋದು ಯಾಕೆ ಅಷ್ಟು ಕಷ್ಟ ಆಗುತ್ತೋ ನನಗೆ ಇವತ್ತಿಗೂ ಅರ್ಥ ಆಗಿಲ್ಲ.

ಗಾಳಿ ಬಗ್ಗೆ ಒಂದೇ ಲೆಕ್ಕ ನೆನಪಿಟ್ಕೊಳ್ಳಿ. ಗಾಳಿಯ ವೇಗ (ಸಮುದ್ರದಲ್ಲಿ ನಾಟ್ ಅನ್ನೋ ಅಳತೆಲಿ ಹೇಳೋದು) 10 ನಾಟ್‌ನಿಂದ 14 ಆದ್ರೆ ಬರೀ ನಾಲ್ಕು ಜಾಸ್ತಿ ಅನ್ಸುತ್ತೆ, ಆದ್ರೆ ಹಾಯಿ ಮೇಲೆ ಬೀಳೋ ಒತ್ತಡ ಹೆಚ್ಚುಕಮ್ಮಿ ಎರಡರಷ್ಟು, ಯಾಕಂದ್ರೆ ಒತ್ತಡ ಹೋಗೋದು ವೇಗದ ವರ್ಗದ ಲೆಕ್ಕದಲ್ಲಿ. ಮುನ್ಸೂಚನೆಲಿ ಹೇಳೋದು ಸರಾಸರಿ, ಬೀಸು ಅದಕ್ಕಿಂತ 40% ಜಾಸ್ತಿ ಬರಬಹುದು, ಗುಡ್ಡದ ಬುಡದಲ್ಲಿ ಎಲ್ಲಿಂದ ಬರುತ್ತೆ ಅಂತಾನೂ ಗೊತ್ತಾಗಲ್ಲ. ಕೆರೇಲಿ ಕಲಿತೋರ ಗುಂಪಿಗೆ, ಸಾಮಾನು ತುಂಬಿದ ದೋಣಿಗೆ, ಕಾಯೋ ಬೋಟ್ ಇಲ್ದೇ, ಫೋರ್ಸ್ 3ರ ತನಕ ಆರಾಮು, ಫೋರ್ಸ್ 4 ಅಂದ್ರೆ 11ರಿಂದ 16 ನಾಟ್, ಅದು ನನ್ನ ಲೆಕ್ಕದಲ್ಲಿ ಮೇಲಿನ ಗೆರೆ, ಅದೂ ಹಾಯಿನ ಸ್ವಲ್ಪ ಮಡಿಸಿ ಚಿಕ್ಕದು ಮಾಡಿ, ಆಶ್ರಯ ಇರೋ ನೀರಲ್ಲಿ. ಅವರು ನೋಡಬೇಕಾಗಿರೋದು ಫೋನ್‌ನಲ್ಲಿರೋ ಮಳೆ ಮೋಡದ ಆಪ್ ಅಲ್ಲ, ಹವಾಮಾನ ಇಲಾಖೆ ಮೆಟ್ ಆಫೀಸಿನ ಇನ್‌ಶೋರ್ ವಾಟರ್ಸ್, ಅಂದ್ರೆ ದಡದ ಹತ್ರದ ಸಮುದ್ರದ ಮುನ್ಸೂಚನೆ, ಆರ್ಡ್ನಮರ್ಕನ್ ಪಾಯಿಂಟ್‌ನಿಂದ ಕೇಪ್ ರಾತ್ ತನಕ ಅನ್ನೋ ವಿಭಾಗ. ಕೋಸ್ಟ್‌ಗಾರ್ಡ್ ಅದನ್ನ ದೋಣಿಯವರು ಮಾತಾಡೋಕೆ ಬಳಸೋ ವಿಎಚ್‌ಎಫ್ ರೇಡಿಯೋದಲ್ಲೂ ಓದ್ತಾರೆ, ಫೋನ್ ಸಿಗ್ನಲ್ ಇಲ್ಲದ ಜಾಗಕ್ಕೆ ಅದೇ ಗತಿ.

ಉಬ್ಬರ ಇಳಿತ ಅಂದಾಗ ನಿಮಗೆ ಮುಳುಗೋ ಭಯ ಬರಬಹುದು, ನಿಜವಾದ ತೊಂದರೆ ನಿದ್ದೆಗೆಡೋದು. ಅಲ್ಲಿ ಅಮಾವಾಸ್ಯೆ ಹುಣ್ಣಿಮೆ ಆದ ಒಂದೆರಡು ದಿನಕ್ಕೆ ನೀರು 4 ಮೀಟರಿಗೂ ಮೇಲೆ ಏರಿಳಿಯುತ್ತೆ. ಆರು ಗಂಟೆಗಿಂತ ಸ್ವಲ್ಪ ಜಾಸ್ತಿ ಹೊತ್ತು ಏರೋದು, ಅಷ್ಟೇ ಹೊತ್ತು ಇಳಿಯೋದು, ಮೊದಲ ಗಂಟೆ ಹನ್ನೆರಡರಲ್ಲಿ ಒಂದು ಪಾಲು, ಎರಡನೇ ಗಂಟೆ ಎರಡು ಪಾಲು, ಮೂರು ನಾಲ್ಕನೇ ಗಂಟೆ ಮೂರು ಮೂರು ಪಾಲು, ಆಮೇಲೆ ಎರಡು, ಒಂದು. ಅಂದ್ರೆ ನಡುವಿನ ಎರಡು ಗಂಟೇಲಿ ಎರಡು ಮೀಟರ್! ಇಳಿಜಾರು ಕಮ್ಮಿ ಇರೋ ಮರಳಲ್ಲಿ ನೀರು ನೂರಾರು ಮೀಟರ್ ಹಿಂದೆ ಹೋಗುತ್ತೆ, ರಾತ್ರಿ ನೀರ ಅಂಚಲ್ಲಿ ಕಟ್ಟಿದ ದೋಣಿ ಬೆಳಿಗ್ಗೆ ಒಣ ಮರಳ ಮೇಲೆ, ಇಲ್ಲಾ ಅಂದ್ರೆ ದೋಣಿನೇ ಇಲ್ಲ. ವೇಫೇರರ್ ಖಾಲಿ ಇದ್ರೇನೇ 170 ಕೇಜಿ ಹತ್ರ, ಗಾಳಿ ತುಂಬಿದ ಉರುಳೆ ಇಟ್ಟು ನಾಲ್ಕೈದು ಜನ ತಳ್ಳಬೇಕು. ಅನುಭವಸ್ಥರು ದೋಣಿನ ದೂರ ನೀರಲ್ಲೇ ಲಂಗರು ಹಾಕಿ, ರಾಟೆಗೆ ಉದ್ದ ಹಗ್ಗ ಹಾಕಿ ಬಟ್ಟೆ ಒಣಗಿಸೋ ತಂತಿ ಥರ ಎಳ್ಕೊಳ್ಳೋ ಹಾಗೆ ಮಾಡ್ತಾರೆ. ರಾತ್ರಿ ಮೂರಕ್ಕೆ ಯಾರು ಎದ್ದು ದೋಣಿ ನೋಡ್ತಾರೆ ಅನ್ನೋ ಪಟ್ಟಿ ಇದೆಯಾ ಅಂತ ಕೇಳಿ, ಇದೆ ಅಂದ್ರೆ ನಾಯಕರು ಗಟ್ಟಿ ಅಂತ ಅರ್ಥ. ಲಾಖ್ ಮಾಯ್ಡಾರ್ಟ್‌ನ ಉತ್ತರದ ಕಾಲುವೆ ಇಳಿತದಲ್ಲಿ ಒಣಗಿ ನಿಲ್ಲುತ್ತೆ, ಅಲ್ಲಿನ ಟಿಯೊರಮ್ ಕೋಟೆಗೆ ಇಳಿತದಲ್ಲಿ ನಡ್ಕೊಂಡೇ ಹೋಗ್ತಾರೆ, ಗಂಟೆ ನೋಡದೇ ಹೋದ್ರೆ ದೋಣಿ ಕೆಸರಲ್ಲಿ ಆರು ಗಂಟೆ.

ಟೆಂಟ್ ವಿಷಯಕ್ಕೆ ಪೊಲೀಸ್ ಕೇಸ್ ಆಗಲ್ಲ. ಇಂಗ್ಲೆಂಡಲ್ಲಿ ಹಾಗೆ ಕಂಡಲ್ಲಿ ಹಾಕೋ ಹಾಗಿಲ್ಲ, ಸ್ಕಾಟ್ಲೆಂಡಲ್ಲಿ 2003ರ ಭೂ ಸುಧಾರಣಾ ಕಾಯ್ದೆ ಪ್ರಕಾರ ಜವಾಬ್ದಾರಿಯಿಂದ ಇದ್ರೆ ಹಾಕಬಹುದು. ಸಣ್ಣ ಗುಂಪು, ಒಂದೇ ಜಾಗದಲ್ಲಿ ಎರಡು ಮೂರು ರಾತ್ರಿಗಿಂತ ಜಾಸ್ತಿ ಬೇಡ, ಮನೆಗಳಿಂದ, ಬೇಲಿ ಒಳಗಿನ ಬೆಳೆಯಿಂದ ದೂರ, ಕಸ ವಾಪಸ್. ಹನ್ನೊಂದು ಜನ ಸ್ವಲ್ಪ ದೊಡ್ಡ ಗುಂಪೇ, ಎರಡು ಕಡೆ ಹಂಚಿಕೊಂಡ್ರೆ ಒಳ್ಳೇದು. ಶೌಚಕ್ಕೆ ಹಳ್ಳ ನೀರಿನಿಂದ ಕನಿಷ್ಠ 30 ಮೀಟರ್ ದೂರ ಹೋಗಿ ಗುಂಡಿ ತೋಡಿ ಮುಚ್ಚೋದು. ಮಿಜ್ ಅನ್ನೋ ಸಣ್ಣ ನೊಣ ಜುಲೈನಲ್ಲಿ ಜೀವ ಹಿಂಡುತ್ತೆ, ಗಾಳಿ ಇದ್ರೆ ಹಾರಲ್ಲ, ಹಾಗಾಗಿ ಟೆಂಟ್ ಗಾಳಿ ಬೀಸೋ ಚಾಚಿನ ಮೇಲೆ, ತಲೆಗೆ ಬಲೆ ಟೋಪಿ. ಹುಲ್ಲು ಜರೀಗಿಡದಲ್ಲಿ ರಕ್ತ ಹೀರೋ ಉಣ್ಣಿ ಹುಳ ಇರ್ತವೆ, ರಾತ್ರಿ ಮಲಗೋ ಮುಂಚೆ ಮೊಣಕಾಲ ಹಿಂದೆ, ಕಂಕುಳಲ್ಲಿ ನೋಡ್ಕೊಳ್ಳಿ, ಲೈಮ್ ಕಾಯಿಲೆ ಬರೋದು ಅದರಿಂದ. ಊಟಕ್ಕೆ ನಮ್ಮೋರಷ್ಟು ಸುಲಭ ಯಾರಿಗೂ ಇಲ್ಲ, ಅವಲಕ್ಕಿ, ಹುರಿಹಿಟ್ಟು, ಉಪ್ಪಿಟ್ಟಿನ ಮಿಕ್ಸ್, ಚಟ್ನಿಪುಡಿ, ಒಂದು ದೊಡ್ಡ ಫ್ಲಾಸ್ಕ್ ಬಿಸಿನೀರು ಪ್ರತಿ ದೋಣಿಲೂ. ಚಳಿ ಹಿಡಿದೋರಿಗೆ ಸಿಹಿ ಬಿಸಿ ಪಾನೀಯ ಕೊಡಿ, ಬ್ರಾಂದಿ ಕೊಟ್ರೆ ಬೆಚ್ಚಗಾಗುತ್ತೆ ಅನ್ನೋದು ಸುಳ್ಳು, ಚರ್ಮಕ್ಕೆ ರಕ್ತ ಹರಿಸಿ ಒಳಗಿನ ಬಿಸಿ ಕಳೆಯುತ್ತೆ.

ಮಗನ ವಿಷಯ ನನಗೆ ಮುಖ್ಯ. 1993ರ ಮಾರ್ಚ್‌ನಲ್ಲಿ ಇಂಗ್ಲೆಂಡಿನ ಲೈಮ್ ಬೇನಲ್ಲಿ ಶಾಲಾ ಮಕ್ಕಳ ಕಯಾಕ್ ಗುಂಪು ಗಾಳಿಗೆ ಸಿಕ್ಕಿ ಸಮುದ್ರಕ್ಕೆ ಕೊಚ್ಚಿ ಹೋಗಿ ನಾಲ್ಕು ಮಕ್ಕಳು ತೀರಿಕೊಂಡ್ರು. ಮಕ್ಕಳು ಗಂಟೆಗಟ್ಟಲೆ ತಣ್ಣೀರಲ್ಲಿದ್ರು, ಸಹಾಯಕ್ಕೆ ಕರೆ ಹೋಗಿದ್ದೇ ತಡ. ಆಮೇಲೆ 1995ರಲ್ಲಿ ಕಾನೂನು ಬಂತು, ದುಡ್ಡು ತಗೊಂಡು 18ರ ಒಳಗಿನ ಮಕ್ಕಳನ್ನ ಇಂಥ ಸಾಹಸಕ್ಕೆ ಕರ್ಕೊಂಡು ಹೋಗೋ ಸಂಸ್ಥೆಗೆ ಲೈಸೆನ್ಸ್ ಬೇಕು. ಆದ್ರೆ ಕ್ಲಬ್ ತನ್ನ ಸದಸ್ಯರನ್ನೇ ಕರ್ಕೊಂಡು ಹೋದ್ರೆ ಆ ಲೈಸೆನ್ಸ್ ಲೆಕ್ಕಕ್ಕೆ ಬರಲ್ಲ, ಅಂದ್ರೆ ಪರಿಶೀಲನೆ ಮಾಡೋ ಕೆಲಸ ನಿಮ್ಮದೇ. ಅಪ್ಪ ಮಗ ಒಂದೇ ದೋಣಿಲಿ ಬೇಡ, ಇದು ನನ್ನ ಅಭಿಪ್ರಾಯ. ಮಗ ಗುಂಪಿನಲ್ಲಿ ಅತ್ಯಂತ ಅನುಭವಸ್ಥರ ಜೊತೆ ಕೂರಲಿ, ಅಪ್ಪ ಬೇರೆ ದೋಣಿಲಿ. ತೆಳ್ಳಗಿರೋ ಹುಡುಗರಿಗೆ ದೊಡ್ಡೋರಿಗಿಂತ ಬೇಗ ಚಳಿ ಹಿಡಿಯುತ್ತೆ, ಹೇಳ್ಕೊಳ್ಳಲ್ಲ, ಸುಮ್ಮನಾಗಿಬಿಡ್ತಾರೆ, ಮಾತು ನಿಂತ ಹುಡುಗನ್ನ ತಕ್ಷಣ ದಡಕ್ಕೆ ತರಬೇಕು.

ಅತ್ತೆಯವರ ಜಾತಕದ ಮಾತಿಗೆ ನಾನು ವಾದ ಮಾಡಲ್ಲ, ಮೊಮ್ಮಗನ ಮೇಲಿನ ಪ್ರೀತಿ ಅದು. ಅವರಿಗೆ ಒಂದ್ಸಲ ವಿಡಿಯೋ ಕಾಲ್‌ನಲ್ಲಿ ಮೊಮ್ಮಗ ಡ್ರೈಸೂಟ್ ಹಾಕ್ಕೊಂಡು ಕೆರೇಲಿ ದೋಣಿ ಮಗುಚಿ ಎತ್ತೋದನ್ನ ತೋರಿಸಿ, ನೋಡಿದ ಮೇಲೆ ಜೀವ ಸ್ವಲ್ಪ ಹಗುರ ಆಗಬಹುದು.

ಈಗ ದಾರಿಗಳು. ಒಂದು, ಯೋಜನೆ ಇದ್ದ ಹಾಗೇ ಹೋಗೋದು. ಎಲ್ಲರಿಗೂ ಸರಿಯಾದ ಬಟ್ಟೆ, ಸಾಮಾನು ತುಂಬಿ ಮಗುಚಿದ ಅಭ್ಯಾಸ, ಕನಿಷ್ಠ ಇಬ್ಬರು ಈ ಕರಾವಳಿ ಗೊತ್ತಿರೋರು, ಪ್ರತಿ ದೋಣಿಗೂ ವಿಎಚ್‌ಎಫ್, 6 ದಿನದಲ್ಲಿ 2 ದಿನ ಖಾಲಿ, ಇಷ್ಟು ಇದ್ರೆ ನಿಮ್ಮ ಯಜಮಾನ್ರಿಗೂ ಮಗನಿಗೂ ನಾನು ಹ್ಞೂಂ ಅಂತೀನಿ. ಇವುಗಳಲ್ಲಿ ಎರಡು ಇಲ್ಲ ಅಂದ್ರೂ ಬೇಡ. ಇನ್ನೊಂದು, ನಾನಾಗಿದ್ರೆ ಕ್ಲಬ್‌ಗೆ ಇದನ್ನೇ ಹೇಳ್ತಿದ್ದೆ, ಅರಿಸೇಗ್ ಹತ್ರಾನೇ ಒಂದು ಕಡೆ ಟೆಂಟ್ ಹಾಕಿ ದಿನಾ ಖಾಲಿ ದೋಣಿಲಿ ಬಂಡೆಗಳ ಒಳಗಡೆ ಹೋಗಿ ಬರೋದು, ಗಾಳಿ ಸೌಮ್ಯ ಇರೋ ಒಂದೆರಡು ದಿನ ಸಿಕ್ರೆ ಮಾತ್ರ ಮೂಗು ಸುತ್ತಿ ಒಂದು ರಾತ್ರಿ ಆಚೆ ಇದ್ದು ಬರೋದು. ಸಾಹಸ ಕಮ್ಮಿ ಅನ್ನಿಸಬಹುದು, ಆದ್ರೆ ವಾಪಸ್ ಬರೋ ಒತ್ತಡ ಹೋಗುತ್ತೆ, ಆ ಒತ್ತಡವೇ ನಾನು ಹೇಳಿದ ಎರಡನೇ ಭಯ. ಅಪಾಯ ಇಲ್ವಾ ಅಂದ್ರೆ ಇದೆ, ಹತ್ರ ಇದೀವಿ ಅಂತ ಜನ ಡ್ರೈಸೂಟ್ ಬಿಟ್ಟು ಇಳಿದುಬಿಡ್ತಾರೆ. ಮೂರನೇದು ಈ ವರ್ಷ ಬಿಟ್ಟು, ಮೋಟರ್ ಬೋಟ್ ಜೊತೆ ಇರೋ ಸಮುದ್ರದ ಕೋರ್ಸ್ ಒಂದು ಮಾಡಿ ಮುಂದಿನ ವರ್ಷ ಹೋಗೋದು, ಇದರಲ್ಲಿ ಕಳ್ಕೊಳ್ಳೋದು ಒಂದು ಬೇಸಿಗೆ ಅಷ್ಟೇ.

ನೀವು? ಈ ಸಲ ದೋಣಿಲಿ ಬೇಡ. ಈಜು ಬರ್ಲೇಬೇಕು ಅಂತ ಅಲ್ಲ, ಜಾಕೆಟ್ ಹಾಕಿ ತಣ್ಣೀರಲ್ಲಿ ಅಂಗಾತ ಮಲಗಿ ಉಸಿರು ಸಮ ಮಾಡ್ಕೊಳ್ಳೋಕೆ ಬಂದ್ರೆ ಅರ್ಧ ಕೆಲಸ ಆಯ್ತು, ಆದ್ರೆ ಅದನ್ನ ಮೊದಲ ಸಲ ಅರಿಸೇಗ್ ಸಮುದ್ರದಲ್ಲಿ ಕಲಿಯೋ ಹಾಗಿಲ್ಲ. ಚಳಿಗಾಲದಲ್ಲಿ ಈಜುಕೊಳದಲ್ಲಿ ಶುರು ಮಾಡಿ. ಈ ಸಲ ನಿಮಗೆ ಬೇರೆ ಕೆಲಸ ಇದೆ, ಅದು ಸಣ್ಣದಲ್ಲ. ಅರಿಸೇಗ್‌ನಲ್ಲೋ ಮನೇಲೋ ಇದ್ದು ಅವರ ದಡದ ಕಾವಲು ನೀವಾಗಿ. ಇಷ್ಟು ದೂರದಲ್ಲಿ ಯಾರು ಬರ್ತಾರೆ ಅಂತ ಕೇಳಿದ್ರಲ್ಲ, ಬರ್ತಾರೆ. ಹತ್ರದ ಮ್ಯಾಲೆಗ್ ಊರಲ್ಲಿ ಆರ್‌ಎನ್‌ಎಲ್‌ಐ ಲೈಫ್‌ಬೋಟ್ ಇದೆ, 1824ರಲ್ಲಿ ಶುರುವಾದ ಸಮುದ್ರ ರಕ್ಷಣಾ ಸಂಸ್ಥೆ ಅದು, ಸಮುದ್ರಕ್ಕಿಳಿಯೋ ಸಿಬ್ಬಂದಿಲಿ ಹೆಚ್ಚಿನೋರು ಸ್ವಯಂಸೇವಕರು, ರಕ್ಷಣೆಗೆ ದುಡ್ಡು ಕೇಳಲ್ಲ. ಕೋಸ್ಟ್‌ಗಾರ್ಡ್ ಹೆಲಿಕಾಪ್ಟರ್ ಇದೆ. ಕಷ್ಟ ಏನಂದ್ರೆ ಕರೆದ್ರೆ ಮಾತ್ರ ಬರ್ತಾರೆ, ಎಲ್ಲಿ ಅಂತ ಗೊತ್ತಿದ್ರೆ ಬೇಗ ಬರ್ತಾರೆ. ಗುಡ್ಡದ ಮರೇಲಿ ಫೋನ್ ಸಿಗಲ್ಲ, ಕೈಯಲ್ಲಿ ಹಿಡಿಯೋ ವಿಎಚ್‌ಎಫ್ ಕೂಡ ಕೆಲವು ಕಡೆ ಕೇಳಿಸಲ್ಲ, ಅದಕ್ಕೆ ಗುಂಪಿನಲ್ಲಿ ಕನಿಷ್ಠ ಎರಡು ಪಿಎಲ್‌ಬಿ ಇರಲಿ, ಉಪಗ್ರಹಕ್ಕೆ ನೇರ ಸಂದೇಶ ಕಳಿಸೋ ಪುಟ್ಟ ಪೆಟ್ಟಿಗೆ, ಚೀಲದಲ್ಲಲ್ಲ, ಜಾಕೆಟ್‌ಗೆ ಕಟ್ಟಿರಬೇಕು.

ನಿಮ್ಮ ಹತ್ರ ಒಂದು ಹಾಳೆ ಇರಲಿ. ಎಷ್ಟು ದೋಣಿ, ಯಾವ ಬಣ್ಣದ ಹಾಯಿ, ಯಾರ್ಯಾರು, ಪ್ರತಿ ರಾತ್ರಿ ಎಲ್ಲಿ ಇಳೀಬೇಕು ಅಂತಿದಾರೆ, ಅದಾಗದಿದ್ರೆ ಎಲ್ಲಿ, ಎಷ್ಟು ಗಂಟೆಗೆ ಸುದ್ದಿ ಕಳಿಸ್ತಾರೆ. ಜುಲೈನಲ್ಲಿ ಅಲ್ಲಿ ರಾತ್ರಿ ಹತ್ತರ ತನಕ ಬೆಳಕಿರುತ್ತೆ, ಹಾಗಾಗಿ ಸಂಜೆ ಏಳಕ್ಕೆ ಸುದ್ದಿ, ಎಂಟೂವರೆ ಕೊನೇ ಗಡುವು ಅಂತ ಮೊದಲೇ ಮಾತಾಡ್ಕೊಳ್ಳಿ, ಬೆಳಕು ಇರುವಾಗಲೇ ಹುಡುಕೋಕೆ ಆಗ್ಬೇಕು. ಎಂಟೂವರೆ ದಾಟಿದ್ರೆ ಯಜಮಾನ್ರು ಬೈತಾರೆ, ಕ್ಲಬ್‌ನೋರು ನಗ್ತಾರೆ, ಸುಮ್ನೆ ತೊಂದರೆ ಕೊಟ್ಟ ಹಾಗಾಗುತ್ತೆ ಅಂತೆಲ್ಲ ಯೋಚನೆ ಮಾಡ್ಕೊಂಡು ಕೂರಬೇಡಿ. 999ಕ್ಕೆ ಫೋನ್ ಮಾಡಿ, ಪೊಲೀಸ್ ಬೇಕಾ ಆಂಬ್ಯುಲೆನ್ಸ್ ಬೇಕಾ ಅಂತ ಕೇಳ್ತಾರೆ, "ಕೋಸ್ಟ್‌ಗಾರ್ಡ್" ಅನ್ನಿ, ಹಾಳೆ ನೋಡ್ಕೊಂಡು ಓದಿ.